ನಾಲ್ಕು ವರ್ಷದ ಗುತ್ತಿಗೆ

ತುರ್ವಿಹಾಳದ ಅಂಬಮ್ಮ ಕಾಲಿಟ್ಟು ನೋಡದೆ ಯಾವ ಗದ್ದೆಯನ್ನೂ ಒಪ್ಪಿಕೊಂಡವಳಲ್ಲ. ಹದಿನಾಲ್ಕು ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟೆಂದು ಭತ್ತದ ನಾಟಿ ಗುತ್ತಿಗೆ ಹಿಡಿಯುವುದು ಅವಳ ಇಪ್ಪತ್ತು ವರ್ಷದ ಕಸುಬು. ಹೊಲದ ಯಜಮಾನ ಎಷ್ಟೇ ಹೊಗಳಲಿ, ಅವಳು ಸೀರೆ ಮೇಲಕ್ಕೆ ಸಿಕ್ಕಿಸಿ ಕೆಸರಿಗೆ ಇಳಿಯುವಳು. ನಾಲ್ಕು ಹೆಜ್ಜೆ ನಡೆದು, ಹೆಂಟೆ ತಾಗುತ್ತದೋ, ಕಾಲು ಹೂತುಹೋಗುತ್ತದೋ ಎಂದು ನೋಡಿಯೇ ರೇಟು ಹೇಳುವಳು.

ಈ ಸಲ ಕಾಲುವೆಗೆ ನೀರು ಬಿಟ್ಟ ವಾರವೇ ಮಗಳು ಐಶ್ವರ್ಯಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಇನ್ಫರ್ಮೇಶನ್ ಸೈನ್ಸ್. ಫೀಸು, ಹಾಸ್ಟೆಲು, ಪುಸ್ತಕ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಐದು ಲಕ್ಷ. ಸಿಂಧನೂರಿನಲ್ಲಿ ಸೈಟು ಕೊಳ್ಳಲೆಂದು ಅಂಬಮ್ಮ ಕೂಡಿಟ್ಟಿದ್ದು ಮೂರು ಲಕ್ಷ. ಶುಕ್ರವಾರದೊಳಗೆ ಮೊದಲ ವರ್ಷದ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

"ಏನ್ ಕಲಸ್ತಾರ ಅದ್ರಾಗ?" ಎಂದು ಕೇಳಿದಳು ಅಂಬಮ್ಮ.

"ಕಂಪ್ಯೂಟರಿನಾಗ ಮಾಹಿತಿ ಹೆಂಗ ಕೂಡಿಡಬೇಕು, ಬೇಕಾದಾಗ ಹೆಂಗ ಹುಡುಕಿ ತಗೀಬೇಕು ಅಂತ ಕಲಸ್ತಾರಬೇ ಯವ್ವಾ."

"ಹಂಗಾದ್ರ ನಿಮ್ಮಪ್ಪನ್ನ ಕಳಸೂಣು. ಕಣ್ಣಿನ ಚಾಳೀಸು ಎಲ್ಲಿಟ್ಟೀನಿ ಅಂತ ದಿನಾ ಮನಿ ತುಂಬಾ ಹುಡುಕ್ತಾನ."

ನಕ್ಕಳಾದರೂ ಒಪ್ಪಲಿಲ್ಲ. ಇಳಿದು ನೋಡಬೇಕಿತ್ತು.

ಬುಧವಾರ ಗುಂಪಿಗೆ ರಜೆ ಕೊಟ್ಟು, ಜೊತೆಗಾತಿ ಮಾಸುಂಬಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಇದೇ ಓದು ಮುಗಿಸಿದ್ದ ವೀರೇಂದ್ರನೆಂಬ ಹುಡುಗ ಮಸ್ಕಿಯಲ್ಲಿ ಒಂದು ಬೀಜದ ಅಂಗಡಿಯ ಕಂಪ್ಯೂಟರ್ ಮುಂದೆ ಸಿಕ್ಕ. ತಿಂಗಳಿಗೆ ಹದಿನೈದು ಸಾವಿರವಂತೆ. ಅದಕ್ಕೂ ಮುಂಚೆ ಒಂದೂವರೆ ವರ್ಷ ಕೆಲಸವೇ ಇರಲಿಲ್ಲ.

"ಒಂದೂವರಿ ವರ್ಷ ಸುಮ್ನ ಕುಂತಿದ್ದೇನಪಾ?"

"ಸುಮ್ನ ಎಲ್ರಿ ಅಮ್ಮಾ, ಅರ್ಜಿ ಹಾಕ್ಕೋತ ಕುಂತಿದ್ದೆ."

ಅಲ್ಲಿಂದ ಲಿಂಗಸುಗೂರು. ಮಾಸುಂಬಿಯ ಅಕ್ಕನ ಮಗಳು ಸುಲ್ತಾನಾ ಕೂಡ ಅದೇ ಓದು ಮುಗಿಸಿ, ಮನೆಯಲ್ಲೇ ಕೂತು ದೂರದ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದಳು. ತಿಂಗಳಿಗೆ ಇಪ್ಪತ್ತೈದು ಸಾವಿರ. ಚಹಾ ಕೊಡಲು ಎದ್ದವಳು ನಡು ಹಿಡಿದುಕೊಂಡಳು.

"ನಿನಗೂ ನಡು ನೋವೇನವ್ವಾ?"

"ಕುಂತು ಕುಂತು ಹಿಡೀತೈತ್ರಿ."

"ನಮಗ ಬಗ್ಗಿ ಬಗ್ಗಿ. ತಗೋ ಮಾಸುಂಬಿ, ಎಷ್ಟ್ ಓದಿದ್ರೂ ನಡು ಮಾತ್ರ ನಮ್ದ!"

ಗುರುವಾರ ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಎಲ್ಲರ ಕಣ್ಣೂ ಅಂಬಮ್ಮನ ಮೇಲೆ. ಬುತ್ತಿ ತಂದಿದ್ದ ಐಶ್ವರ್ಯ ನೀರಿನ ಕೊಡ ಇಳಿಸದೆ ನಿಂತೇ ಇದ್ದಳು.

"ಬ್ಯಾಡ," ಎಂದಳು ಅಂಬಮ್ಮ, ಮಗಳ ಮುಖ ನೋಡದೆ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. "ಐದು ಲಕ್ಷ ವಾಪಸ್ ಬರಾಕ ಏಳು ವರ್ಷ ಹಿಡೀತೈತಿ."

"ಹೆಂಗ ಲೆಕ್ಕ ಹಾಕಿದಿಬೇ?"

"ಸುಲ್ತಾನಾಗ ತಿಂಗಳಿಗೆ ಇಪ್ಪತ್ತೈದು. ಮಳಿಗಾಲಕ್ಕ ಒಂದೂವರಿ ತಿಂಗಳು, ಬ್ಯಾಸಗಿ ಬೆಳಿಗೆ ಒಂದೂವರಿ ತಿಂಗಳು. ಮೂರು ತಿಂಗಳಿಗೆ ಎಪ್ಪತ್ತೈದು ಸಾವಿರ. ವರ್ಷಕ್ಕ ಅಷ್ಟ."

ಐಶ್ವರ್ಯ ಕೊಡ ತುಳುಕುವಂತೆ ನಕ್ಕಳು. "ಯವ್ವಾ, ಆಕಿ ಕೆಲಸಕ್ಕ ನಾಟಿ ಸೀಜನ್ ಎಲ್ಲೈತಿ? ಹನ್ನೆರಡು ತಿಂಗಳೂ ಪಗಾರ ಬರ್ತೈತಿ!"



"ಕಾಲುವಿ ಬಂದ್ ಆದಾಗೂ?" ಎಂದಳು ಅಂಬಮ್ಮ.

"ಆವಾಗೂ."

"ಯಾ ಅಲ್ಲಾ! ನಾನೂ ಹಂಗ ತಿಳ್ಕೊಂಡಿದ್ನೆಲ್ಲ!" ಮಾಸುಂಬಿ ತೊಡೆ ತಟ್ಟಿಕೊಂಡು ನಕ್ಕಳು. ಹದಿನಾಲ್ಕೂ ಜನ ಬಿದ್ದು ಬಿದ್ದು ನಕ್ಕರು.

ಅಂಬಮ್ಮ ನಗಲಿಲ್ಲ, ಬೆರಳು ಮಡಿಚುತ್ತಿದ್ದಳು. ವರ್ಷಕ್ಕೆ ಮೂರು ಲಕ್ಷ. ಊಟ, ಬಾಡಿಗೆ, ಬಟ್ಟೆಗೆ ಅರ್ಧ ಹೋದರೂ ಒಂದೂವರೆ ಲಕ್ಷ ಉಳಿಯಿತು, ಮೂರೂವರೆ ವರ್ಷದಲ್ಲಿ ಐದು ಲಕ್ಷ ವಾಪಸ್. ಅದಕ್ಕೆ ವೀರೇಂದ್ರನ ಒಂದೂವರೆ ವರ್ಷವನ್ನೂ ಸೇರಿಸಿದಳು. ನೀರು ಕೆಲವು ಸಲ ತಡವಾಗಿಯೇ ಬರುತ್ತದೆ, ಹಾಗೆಂದು ಯಾರೂ ಗದ್ದೆ ಬಿಡುವುದಿಲ್ಲ.

"ಐದು ವರ್ಷ," ಎಂದಳು ಕೊನೆಗೆ. "ಆಮ್ಯಾಲ ಬಂದಿದ್ದೆಲ್ಲಾ ನಿಂದು. ಕೂಡಿಟ್ಟಿದ್ರಾಗ ಎರಡು ವರ್ಷ ಹೋಗ್ತಾವ, ಉಳಿದಿದ್ದಕ್ಕ ನಾಟಿ ಐತಿ. ಸೈಟು ಎಲ್ಲಿಗೂ ಓಡಿಹೋಗಂಗಿಲ್ಲ. ಕೊಡ ಇಳಸು, ನೀರು ಕೊಡು, ರೊಟ್ಟಿ ಗಂಟಲಾಗ ನಿಂತೈತಿ."

ಶುಕ್ರವಾರ ಫೀಸು ಕಟ್ಟಿದರು.

ಶನಿವಾರ ಸಾಲಗುಂದದ ಗೌಡರೊಬ್ಬರು ಬಂದು ನಾಟಿ ರೇಟಿನಲ್ಲಿ ಎಕರೆಗೆ ಇನ್ನೂರು ರೂಪಾಯಿ ಇಳಿಸೆಂದು ಹಟ ಹಿಡಿದರು. ಅಂಬಮ್ಮ ಎಂದಿನಂತೆ ಸೀರೆ ಸಿಕ್ಕಿಸಿ ಅವರ ಗದ್ದೆಗಿಳಿದು ನಾಲ್ಕು ಹೆಜ್ಜೆ ನಡೆದಳು. ಕೆಸರು ಬೆಣ್ಣೆಯಂತಿತ್ತು. ಆದರೂ ಆಗದೆಂದು ತಲೆಯಾಡಿಸಿದಳು.

"ಇಳಸಂಗಿಲ್ರಿ ಗೌಡ್ರ. ನಾನೂ ಒಂದು ನಾಕ್ ವರ್ಷದ ಗುತ್ತಿಗಿ ಹಿಡದೀನಿ. ಅದ್ರಾಗ ನನಗ ಯಾರೂ ಒಂದು ರೂಪಾಯಿ ಇಳಸಿಲ್ಲ."