ಭಿಗವಣದ ಬಳಿ ಹಾಕಿದ ಟೆಂಟ್

ನನ್ನ ಟೆಂಟಿನ ತೂಕ ಮೂರು ಕಿಲೋಗೆ ತುಸು ಕಮ್ಮಿ. ಪುಣೆಯ ಹಡಪಸರದಲ್ಲಿ ನಮ್ಮ ಓಣಿಯ ಆಚೆಗಿನ ಕಿರಾಣಿ ಅಂಗಡಿಯವನು ತಕ್ಕಡಿಯ ಮೇಲಿನ ಈರುಳ್ಳಿ ಇಳಿಸಿ ಅದನ್ನು ತೂಗಿಕೊಟ್ಟಿದ್ದ. ಸೈಕಲ್ಲಿನ ಮೇಲೆ ದೂರ ಹೋಗುವವರಿಗೆ ತೂಕದ ಹುಚ್ಚು ಹತ್ತುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಿದವ ನಾನು. ಹದಿನೆಂಟು ಕಿಲೋದ ಸೈಕಲ್ ಹೊಡೆಯುವವ ಬ್ರಷ್ ಕತ್ತರಿಸಿ ಏನು ಗಳಿಸಿದ ಎಂದು ಕೇಳಬೇಡಿ. ಅಣ್ಣ ಕೇಳಿದ್ದ, ಬಿದ್ದು ಬಿದ್ದು ನಕ್ಕಿದ್ದ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನನಗಾಗ ಇಪ್ಪತ್ತಾರು. ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಕೆಲಸ. ಅಣ್ಣ ಇನ್ನೊಂದು ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಲಗ್ನ ಇಬ್ಬರದೂ ಆಗಿರಲಿಲ್ಲ.

ಆಗ ಪುಣೆಯಲ್ಲಿ ಸೈಕಲ್ ಪ್ರವಾಸದ ಸಾಮಾನು ಮಾರುವ ಅಂಗಡಿ ನನಗಂತೂ ಗೊತ್ತಿರಲಿಲ್ಲ. ಎಲ್ಲವನ್ನೂ ನಾನೇ ಹೊಂದಿಸಿಕೊಂಡೆ. ಹಿಂದಿನ ಕ್ಯಾರಿಯರನ್ನು ಮನೆಯ ಗೇಟು ಮಾಡುವ ವೆಲ್ಡರ್ ಮಾಡಿಕೊಟ್ಟ. ಹಾಗಾಗಿ ಅದು ಗೇಟಿನಷ್ಟೇ ಗಟ್ಟಿ, ಗೇಟಿನಷ್ಟೇ ಭಾರ. ಅದರ ಎರಡೂ ಬದಿಗೆ ಇಳಿಬಿಡುವ ಚೀಲಗಳನ್ನು ರಿಕ್ಷಾದ ಹುಡ್ ಹೊಲಿಯುವವನು ರೆಕ್ಸಿನ್‌ನಲ್ಲಿ ಹೊಲಿದ. ಎಡಗಡೆಯದರ ಬಾಯಿ ಸೊಟ್ಟಗಾಯಿತು. ಮಲಗಲು ಕಾರ್ಖಾನೆಯ ಪ್ಯಾಕಿಂಗಿನ ಫೋಮು. ಅಡುಗೆಗೆ ಪಂಪ್ ಹೊಡೆಯುವ ಸಣ್ಣ ಹಿತ್ತಾಳೆ ಸ್ಟೋವು. ಚೈನಿಗೆ ಹಾಕುವ ಎಣ್ಣೆ ಕೆಮ್ಮಿನ ಔಷಧದ ಬಾಟಲಿಯಲ್ಲಿ. ಟೆಂಟ್ ಮಾತ್ರ ಜೂನಾ ಬಜಾರಿನ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಕೇಸರಿ ಬಣ್ಣ, ಇಬ್ಬರು ಮಲಗಬಹುದು. ನಿಲ್ಲಿಸುವ ಎರಡು ಕೋಲುಗಳಲ್ಲಿ ಒಂದು ಇರಲಿಲ್ಲ. ಅದರ ಬದಲಿಗೆ ಬಾಗಿಲ ಪರದೆಯ ಅಲ್ಯೂಮಿನಿಯಂ ಕೊಳವೆಯನ್ನು ಅಳತೆಗೆ ಕತ್ತರಿಸಿದೆ. ತಳದ ತೂತುಗಳಿಗೆ ಸೈಕಲ್ ಟ್ಯೂಬಿಗೆ ಹಾಕುವ ಪಂಕ್ಚರ್ ಪಟ್ಟಿ. ಮಳೆಗಾಲದಲ್ಲಿ ಲೋಣಾವಳಾದ ತನಕ ಹೊಡೆದು, ಅಲ್ಲಿ ಹಾಕಿ ನೋಡಿದೆ. ಒಳಗೆ ಒಂದು ಹನಿ ಬರಲಿಲ್ಲ. ಮನೆಯಲ್ಲಿ ಮಾತ್ರ, ಗೆಳೆಯನ ಮನೆಯಲ್ಲಿ ಇಳಿದುಕೊಂಡಿದ್ದೆ ಎಂದು ಹೇಳಿದೆ.

ಸುಳ್ಳಿಗೆ ಕಾರಣ ಅಪ್ಪ. ವಿಜಾಪುರದ ಕಡೆಯಿಂದ ಪುಣೆಗೆ ಬಂದ ಹೊಸದರಲ್ಲಿ ಅವನು ಒಂದು ತಿಂಗಳು ಸ್ವಾರಗೇಟ ಬಸ್ ಸ್ಟ್ಯಾಂಡಿನ ಹೊರಗೆ ಕಟ್ಟೆಯ ಮೇಲೆ ಮಲಗಿದ್ದನಂತೆ. ಆಮೇಲೆ ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಸೀರೆ ಬಿಡಿಸಿ ತೋರಿಸಿ, ಮತ್ತೆ ಮಡಚಿಟ್ಟು, ಹಡಪಸರದಲ್ಲಿ ಮೂರು ಕೋಣೆಯ ಮನೆ ಮಾಡಿದ. ನಾನು ಸೈಕಲ್ ಮೇಲೆ ಬದಾಮಿಯ ತನಕ ಹೋಗಿಬರುತ್ತೇನೆ ಎಂದಾಗ ಅವನು ಬೈಯುತ್ತಾನೆ ಎಂದುಕೊಂಡಿದ್ದೆ.

“ಹೋಗು, ನಾ ಬ್ಯಾಡ ಅನ್ನಂಗಿಲ್ಲ,” ಅಂದ. “ಆದ್ರ ನನ್ನ ಮಕ್ಕಳು ಬಯಲಾಗ ಮಲಗಬಾರದು. ನಾ ಮಲಗಿದ್ದ ಸಾಕು.”

ಹೇಳಿ ಸುಮ್ಮನಾಗಲಿಲ್ಲ. ಕುಳಿತು ಒಂದು ಪಟ್ಟಿ ಬರೆದ. ಮೊದಲ ದಿನ ಇಂದಾಪುರದ ಧರ್ಮಶಾಲೆ, ಎರಡನೆಯ ದಿನ ಸೊಲ್ಲಾಪುರದಲ್ಲೊಂದು ಮಠ, ಮೂರನೆಯ ದಿನ ವಿಜಾಪುರದಲ್ಲೊಂದು, ಹೀಗೆ ಬದಾಮಿಯ ತನಕ. ಎಲ್ಲಿ ಯಾರನ್ನು ಕೇಳಬೇಕು, ನಮ್ಮ ಮನೆತನದ ಗುರುತು ಹೇಗೆ ಹೇಳಬೇಕು, ಎಲ್ಲ ಅದರಲ್ಲಿತ್ತು. ಎರಡು ಪ್ರತಿ ಮಾಡಿದ. ಒಂದು ನನಗೆ, ಒಂದು ಮನೆಗೆ. ನಾನು ಹೂಂ ಎಂದು ಜೇಬಿಗಿಟ್ಟುಕೊಂಡೆ. ಟೆಂಟ್ ಓಣಿಯ ಆಚೆ ಸೈಕಲ್ ರಿಪೇರಿ ಮಾಡುವ ಮರಾಠಿ ಕಾಕಾನ ಅಂಗಡಿಯಲ್ಲಿ ಬಚ್ಚಿಟ್ಟಿದ್ದೆ. ಭಾನುವಾರ ಮುಂಜಾನೆ ಅವ್ವ ಆರತಿ ಮಾಡಿ ಕಳಿಸಿದಳು. ಕಾಕಾನ ಅಂಗಡಿಯ ಮುಂದೆ ಇಳಿದು ಟೆಂಟನ್ನು ಕ್ಯಾರಿಯರಿಗೆ ಬಿಗಿದುಕೊಂಡು ಹೊರಟೆ. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಮಠದಲ್ಲಿ ಹತ್ತು ಜನರ ನಡುವೆ ಮಲಗುವುದಾದರೆ ಇಷ್ಟೆಲ್ಲ ಹೊಲಿಸಿದ್ದು ಯಾಕೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಸೊಲ್ಲಾಪುರದ ರಸ್ತೆಯಲ್ಲಿ ನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಭಿಗವಣ. ಅಲ್ಲಿ ಅಣೆಕಟ್ಟಿನ ಹಿನ್ನೀರು ಹೊಲಗಳ ತನಕ ಬಂದು ನಿಂತಿರುತ್ತದೆ. ಫೆಬ್ರುವರಿಯಲ್ಲಿ ಉದ್ದ ಕಾಲಿನ ಗುಲಾಬಿ ಹಕ್ಕಿಗಳು ನೂರಾರು ಬಂದು ತಲೆ ಕೆಳಗೆ ಮಾಡಿ ಕೆಸರು ಸೋಸುತ್ತವೆ. ರಸ್ತೆಯಿಂದ ಕೂಗಳತೆಯಲ್ಲಿ, ನೀರಿನ ಬದಿಗೆ ಟೆಂಟ್ ಹಾಕಿದೆ. ಮರುದಿನ ಹೊರಡಬೇಕಾಗಿದ್ದವ ಹೊರಡಲಿಲ್ಲ. ಅದರ ಮರುದಿನವೂ ಹೊರಡಲಿಲ್ಲ. ಅಷ್ಟು ಸುಖ ನನಗೆ ಅಲ್ಲಿಯ ತನಕ ಎಲ್ಲೂ ಸಿಕ್ಕಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಊರೊಳಗಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡುತ್ತಿದ್ದೆ. ಫೋನ್ ಇದ್ದದ್ದು ಕೆಳಗಿನ ಮನೆಯವರಲ್ಲಿ. ಅವ್ವ ಇಳಿದು ಬಂದು ಮಾತಾಡುತ್ತಿದ್ದಳು. ಭಾನುವಾರ, ಇಂದಾಪುರದ ಧರ್ಮಶಾಲೆಯಲ್ಲಿದ್ದೇನೆ ಎಂದೆ. ಸೋಮವಾರ, ಸೊಲ್ಲಾಪುರದ ಮಠ ಎಂದೆ.

“ಊಟಕ್ಕ ಏನ್ ನೀಡಿದ್ರು?”

“ರೊಟ್ಟಿ, ಮಡಕಿಕಾಳ ಪಲ್ಯ, ಸಾರು.”

“ಮೊಸರು?”

“ಹಾಕಿದ್ರು.”

“ಮಠದ ಅಜ್ಜಾರ ಪಾದಕ್ಕ ಬಿದ್ದಿಯಿಲ್ಲೋ?”

ಬಿದ್ದೆ ಎಂದೆ. ನಾನು ತಿಂದದ್ದು ಅರೆಬೆಂದ ಖಿಚಡಿ. ಸುಳ್ಳು ಹೇಳುವುದಕ್ಕಿಂತ ಅದಕ್ಕೆ ಮೊಸರು ಹಾಕುವುದು ಕಷ್ಟ. ಮಂಗಳವಾರದಿಂದ ಫೋನ್ ಮಾಡುವುದನ್ನೇ ಬಿಟ್ಟೆ. ಬುಧವಾರ ಬೆಳಿಗ್ಗೆ ಚಹಾ ಕಾಸಿ ಕುಡಿದು, ನಿಧಾನವಾಗಿ ಟೆಂಟ್ ಕಿತ್ತು ಹೊರಟೆ. ಟೆಂಭುರ್ಣಿಯಲ್ಲಿ ಹೆದ್ದಾರಿ ಬಿಟ್ಟು ಪಂಢರಪುರ, ಮಂಗಳವೇಢೆಯ ಒಳದಾರಿ ಹಿಡಿದೆ. ಲಾರಿಗಳ ಕಾಟ ಇರಲಿಲ್ಲ. ಶನಿವಾರ ವಿಜಾಪುರ ಮುಟ್ಟಿ ಫೋನ್ ಮಾಡಿದೆ. ಎತ್ತಿದ್ದು ಕೆಳಗಿನ ಮನೆಯ ಆಯಿ. “ಬಾಬಾ ಗೇಲೇ ರೇ,” ಅಂದರು. ಅಪ್ಪ ಹೋದರು ಎಂದು. ಗುರುವಾರವೇ ಹೋದದ್ದು, ಶುಕ್ರವಾರ ಮಣ್ಣೂ ಆಗಿತ್ತು. ನಾನು “ಬರಂ” ಅಂದೆ, ಆಯಿತು ಎಂದು. ರಾತ್ರಿ ಬಸ್ಸಿಗೆ ಹೊರಡುತ್ತೇನೆ ಎಂದು ಸೇರಿಸಿ ಫೋನ್ ಇಟ್ಟೆ. ಹೊರಗೆ ಬಂದು ಸೈಕಲ್ಲಿನ ಹಿಂದಿನ ಗಾಲಿಯ ಗಾಳಿ ಒತ್ತಿ ನೋಡಿದೆ. ಸ್ವಲ್ಪ ಕಮ್ಮಿ ಇತ್ತು. ಪಂಪ್ ತೆಗೆದು ತುಂಬಿಸಿದೆ. ಬಸ್ಸಿನ ಮೇಲೆ ಹಾಕುವ ಸೈಕಲ್ಲಿಗೆ ಗಾಳಿ ಯಾಕೆ ಎಂದು ಆಗ ಹೊಳೆಯಲಿಲ್ಲ.

ನಡೆದದ್ದು ಆಮೇಲೆ ತಿಳಿಯಿತು. ಮಂಗಳವಾರ ಮಧ್ಯಾಹ್ನ ಅಪ್ಪನಿಗೆ ಎದೆನೋವು. ಆಸ್ಪತ್ರೆಗೆ ಸೇರಿಸಿದಾಗ ಎಚ್ಚರವಿತ್ತು, ಸಣ್ಣವ ಎಲ್ಲಿ ಎಂದು ಕೇಳುತ್ತಿದ್ದ. ಪಟ್ಟಿಯಲ್ಲಿ ಸೊಲ್ಲಾಪುರದ ಮಠದ ನಂಬರ್ ಇತ್ತು. ಅಣ್ಣ ಫೋನ್ ಮಾಡಿದರೆ, “ಸೈಕಲ್ ಮ್ಯಾಲಿನವ್ರು ಯಾರೂ ಬಂದಿಲ್ರಿ,” ಅಂದರಂತೆ. ಸೋಮವಾರ ಅಲ್ಲೇ ಉಂಡೆ ಎಂದು ನಾನೇ ಹೇಳಿದ್ದೆನಲ್ಲ. ಬುಧವಾರ ಬೆಳಿಗ್ಗೆ ಅಣ್ಣ ಮನೆಯ ಪಟ್ಟಿ ಹಿಡಿದು ಸೊಲ್ಲಾಪುರದ ಬಸ್ ಹತ್ತಿದ. ಮಠದಲ್ಲಿ ನಾನಿಲ್ಲ. ಪೊಲೀಸರಲ್ಲಿ ವಿಚಾರಿಸಿದ. ರಸ್ತೆಯ ಮೇಲೆ ಬಿದ್ದವರನ್ನು ತಂದು ಹಾಕುವ ದವಾಖಾನೆಯಲ್ಲಿ ಒಂದೊಂದು ಮಂಚ ನೋಡಿದ, ಆಮೇಲೆ ಹೆಣದ ಕೋಣೆಯನ್ನೂ ನೋಡಿದ. ಗುರುವಾರ ವಿಜಾಪುರಕ್ಕೆ ಹೋಗಿ ಅಲ್ಲಿಯೂ ಅದನ್ನೇ ಮಾಡಿದ. ಅಪ್ಪ ಇಲ್ಲಿ ಜೀವ ಬಿಡುವ ಹೊತ್ತಿಗೆ ಅಣ್ಣ ಅಲ್ಲಿ ನನ್ನ ಹೆಣ ಹುಡುಕುತ್ತಿದ್ದ. ಶುಕ್ರವಾರ ಫೋನ್ ಮಾಡಿ ಸುದ್ದಿ ತಿಳಿದು ಅವನು ಬಂದು ಮುಟ್ಟುವಷ್ಟರಲ್ಲಿ ಚಿಕ್ಕಪ್ಪನ ಮಗನ ಕೈಯಿಂದ ಎಲ್ಲ ಮುಗಿದಿತ್ತು. ನಾನು ಅಪ್ಪನನ್ನು ಕಳೆದುಕೊಂಡದ್ದು ನನ್ನ ತಪ್ಪು. ಅಣ್ಣನಿಗೂ ಅವನ ಮುಖ ತಪ್ಪಿಸಿದೆ.

ಭಾನುವಾರ ನಾನು ಹಡಪಸರದಲ್ಲಿ ಇಳಿದಾಗ ಅಣ್ಣ ಬಸ್ಸಿನ ಹತ್ತಿರ ನಿಂತಿದ್ದ. ಮೇಲೆ ಹತ್ತಿ ಸೈಕಲ್ ಇಳಿಸಿಕೊಟ್ಟ. ಆಮೇಲೆ ಕೇಸರಿ ಸುರುಳಿ.

“ಏನಿದು?”

“ಟೆಂಟ್.”

“ಇದರಾಗ ಮಲಗಿದ್ದಿ?”

“ಹೂಂ.”

ಅದನ್ನು ಎರಡೂ ಕೈಯಲ್ಲಿ ಹಿಡಿದು ಭಾಳ ಹೊತ್ತು ನಿಂತ. ನನಗೆ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚಲೋ ಆಗುತ್ತಿತ್ತು. “ಇದನ್ನ ಎಲ್ಲಿ ಇಟ್ಟಿದ್ದೋ ಅಲ್ಲೇ ಇಟ್ಟು ಬಾ. ಅವ್ವಗ ತೋರಸಬ್ಯಾಡ,” ಅಂದ. ಕಾಕಾನ ಅಂಗಡಿಯಲ್ಲಿ ಇಟ್ಟು ಬಂದೆ.

ಮನೆಯಲ್ಲಿ ಜನ ತುಂಬಿದ್ದರು. ಎಲ್ಲಿದ್ದೆ ಎಂದು ಅವ್ವ ಕೇಳುವ ಮೊದಲೇ ಅಣ್ಣ ಹೇಳಿದ: “ದಾರಿ ತಪ್ಪಿ ಬ್ಯಾರೆ ಮಠಕ್ಕ ಹೋಗಿದ್ದ.” ಅವ್ವ ನಂಬಿದಳು. ನನ್ನ ಮೋರೆ ಬಿಸಿಲಿಗೆ ಕೆಂಪಾಗಿ ಗುಂಡಗಾಗಿತ್ತು. ಅದನ್ನು ಸವರಿ ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಹ್ಯಾಂಡಲ್ ಒತ್ತಿ ಹಿಡಿದು ಬಲಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದಿದ್ದವು; ದೂರ ಹೊಡೆಯುವವರಿಗೆ ಹಾಗಾಗುತ್ತದೆ. ಚಿವುಟಿದರೆ ಯಾರದೋ ಬೆರಳು ಚಿವುಟಿದ ಹಾಗೆ. ಒಳಗೂ ಹಾಗೆಯೇ ಇತ್ತು. ಅಪ್ಪನ ಹೆಸರಿನ ಶಿವಗಣಾರಾಧನೆಯ ಊಟಕ್ಕೆ ಬಂದವರಿಗೆ ನಾನೇ ನೀಡಿದೆ, ಯಾರ ಎಲೆಗೆ ಏನು ಕಮ್ಮಿ ಎಂದು ಸರಿಯಾಗಿ ನೋಡಿಕೊಂಡೆ. ಎಷ್ಟು ಗಟ್ಟಿ ಹುಡುಗ ಎಂದು ಹೊಗಳಿದರು. ಬೆರಳು ಒಂದೂವರೆ ತಿಂಗಳಿಗೆ ಸರಿಹೋದವು.

ಆಮೇಲೆ ನಾನು ದೂರ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ನನಗೂ ಬೇಡ ಅನ್ನಿಸಲಿಲ್ಲ. ಹೋಗಲಿಲ್ಲ ಅಷ್ಟೇ. ವರ್ಷಕ್ಕೊಮ್ಮೆ ಕಾಕಾನ ಅಂಗಡಿಗೆ ಹೋಗಿ ಟೆಂಟ್ ಬಿಡಿಸಿ ಬಿಸಿಲಿಗೆ ಹಾಕಿ ಮಡಚಿಟ್ಟು ಬರುತ್ತಿದ್ದೆ. ಕಾಕಾ ಅಂಗಡಿ ಮುಚ್ಚಿದ ವರ್ಷ ಅದನ್ನು ಯಾರೋ ಟ್ರೆಕ್ಕಿಂಗ್ ಹುಡುಗರಿಗೆ ಕೊಟ್ಟುಬಿಟ್ಟೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಪುಣೆಯಲ್ಲೂ ಹೊರದೇಶದ ಸೈಕಲ್ ಸಾಮಾನಿನ ಅಂಗಡಿಗಳು ಬಂದವು. ನೀರು ಹೋಗದ ಚೀಲಗಳು, ಮಡಚಿದರೆ ಮುಷ್ಟಿಯಷ್ಟಾಗುವ ಸ್ಟೋವು. ಒಳಗೆ ಹೋಗಿ ಜಿಪ್ ಎಳೆದು ನೋಡಿ, ತೂಕ ಕೇಳಿ, ಹೊರಗೆ ಬರುತ್ತಿದ್ದೆ.

ಅಣ್ಣನೂ ನಾನೂ ಆ ವಾರದ ಮಾತು ಎತ್ತಲೇ ಇಲ್ಲ. ಅವನಿಗೆ ಲಗ್ನವಾಯಿತು, ನನಗೂ ಆಯಿತು. ಹಬ್ಬಕ್ಕೆ ಒಟ್ಟಿಗೆ ಉಣ್ಣುತ್ತಿದ್ದೆವು. ಅವನು ನನ್ನ ಮುಖ ನೋಡದೆ ಮಾತಾಡುತ್ತಿದ್ದ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ ಎಂದು ನಾನು ಸುಮ್ಮನಿದ್ದೆ.

ಅಪ್ಪ ಹೋಗಿ ಎಂಟು ವರ್ಷವಾದ ಮೇಲೆ ಸೊಲ್ಲಾಪುರದಲ್ಲಿ ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆ ಅಣ್ಣನ ಹೊಸ ಕಾರಿನಲ್ಲಿ ಹೊರಟೆವು. ನಾನು ಅವನ ಬದಿಗೆ, ಅವ್ವ ಹಿಂದೆ. ಭಿಗವಣ ಬರುವಷ್ಟರಲ್ಲಿ ಅವ್ವನಿಗೆ ನಿದ್ದೆ ಹತ್ತಿತ್ತು. ಬಿಸಿಲಿಗೆ ನೀರು ಹೊಳೆಯುತ್ತಿತ್ತು. ಅಣ್ಣ ಕಾರು ನಿಧಾನ ಮಾಡಿದ, ನಿಲ್ಲಿಸಲಿಲ್ಲ.

“ಇಲ್ಲೇ,” ಅಂದ, ಹಿಂದೆ ಅವ್ವನಿಗೆ ಕೇಳದ ಹಾಗೆ. “ನಾ ಬಸ್ಸಿನಾಗ ಹೊಂಟಿದ್ದೆ. ಕಿಡಕಿಯಿಂದ ನೋಡಿದ್ರ, ನೀರಿನ ದಂಡಿಗೆ ಒಂದು ಕೇಸರಿ ಟೆಂಟ್. ಮಗ್ಗಲಕ ಸೈಕಲ್. ಒಬ್ಬಾಂವ ಈ ಕಡೆ ಬೆನ್ನ ಮಾಡಿ ಕುಂತು ಚಹಾ ಕುಡ್ಯಾಕತ್ತಿದ್ದ.”

ನಾನು ಹಿಂದೆ ತಿರುಗಿ ಅವ್ವನನ್ನು ನೋಡಿದೆ. ನಿದ್ದೆಯಲ್ಲೇ ಇದ್ದಳು.

“ಯಾರೋ ಫಾರೇನದಾಂವ ಇರಬೇಕು ಅಂದ್ಕೊಂಡೆ. ನಮ್ಮಾಂವ ಯಾವುದರೆ ಮಠದಾಗ ಇರ್ತಾನ, ಅಂವಗ ಟೆಂಟ್ ಎಲ್ಲಿಂದ ಬರಬೇಕು. ಆಮ್ಯಾಲೆ ನೀ ಬಂದ ದಿನ ಅದನ್ನ ಬಸ್ಸಿನ ಮ್ಯಾಲಿಂದ ಇಳಿಸಿದೆ ನೋಡು, ಎದಿ ಝಲ್ ಅಂತು.” ಮುಂದಿನ ಲಾರಿಗೆ ದಾರಿ ಬಿಟ್ಟ. “ಕಂಡಕ್ಟರ್‌ಗ ಒಂದು ಮಾತು ಹೇಳಿದ್ರ ಬಸ್ ನಿಲ್ಲತಿತ್ತು. ಮಧ್ಯಾಹ್ನಕ್ಕ ಇಬ್ರೂ ಅಪ್ಪನ ಮುಂದ ಇರ್ತಿದ್ವಿ. ಎಂಟು ವರ್ಷಾತು, ನಿನ್ನ ಕೇಳಬೇಕು ಅಂತೀನಿ, ಬಾಯಿ ಬರವಲ್ದು. ಬುಧವಾರ ಮುಂಜಾನೆ ನೀ ಎಲ್ಲಿದ್ದಿ?”

ನಾನು ಸಿಟ್ಟೆಂದು ತಿಳಿದದ್ದು ಇದು. ಎಂಟು ವರ್ಷ ಅವನು ನನ್ನ ಮುಖ ನೋಡದೆ ಇದ್ದದ್ದು ನನ್ನ ತಪ್ಪಿಗಲ್ಲ, ತನ್ನದೆಂದುಕೊಂಡ ತಪ್ಪಿಗೆ. ಅಪ್ಪ ಹೋದ ಮೇಲೆ ಮೊದಲ ಸಲ ನನ್ನ ಎದೆಯಲ್ಲಿ ಏನೋ ನೋವಾಯಿತು, ನಿಜವಾದ ನೋವು. ನಿಜ ಹೇಳಿದರೆ ನನ್ನ ಭಾರ ಇಳಿಯುತ್ತದೆ, ಅವನದು ಇಮ್ಮಡಿಯಾಗುತ್ತದೆ ಎಂಬಷ್ಟು ಲೆಕ್ಕ ನನಗೆ ಹೊಳೆಯಿತು. ಇನ್ನು ಯಾರಿಗೂ ಸುಳ್ಳು ಹೇಳುವುದಿಲ್ಲ ಎಂದು ಅಪ್ಪ ಹೋದ ವರ್ಷವೇ ನನಗೆ ನಾನೇ ಹೇಳಿಕೊಂಡಿದ್ದೆ, ಅದೂ ನೆನಪಾಯಿತು.

“ಬುಧವಾರ ನಾ ಇಲ್ಲಿ ಇರಲಿಲ್ಲಣ್ಣಾ,” ಅಂದೆ. “ಮಂಗಳವಾರನ ಪಂಢರಪುರ ದಾಟಿದ್ದೆ.”

ಅವನು ರಸ್ತೆ ಬಿಟ್ಟು ನನ್ನ ಮುಖ ನೋಡಿದ. ನಾನೂ ನೋಡಿದೆ, ಕಣ್ಣು ತಪ್ಪಿಸಲಿಲ್ಲ.

“ಖರೇ?”

“ಖರೇ.”

ಅವನು ಮತ್ತೆ ರಸ್ತೆಯ ಕಡೆ ತಿರುಗಿದ. ಕಾರಿನ ವೇಗ ಏರಿಸಿದ.

“ಹಂಗಾರ ಅಂವ ಯಾರೋ ಫಾರೇನದಾಂವನ ಇರಬೇಕು.”

“ಇರಬೇಕು,” ಅಂದೆ.