ಹೊಟ್ಟೆ ತುಂಬಿದ ಕೌದಿ

ಮಗಳಿಗೂ ನನಗೂ ಒಂದು ಕರಾರಾಗಿತ್ತು. ಸಂಭಾಜಿನಗರದ ಗ್ಯಾಲರಿಯೊಂದು ಎಳೆಯ ಕಲಾವಿದರಿಗಾಗಿ ನಡೆಸುವ ಪ್ರದರ್ಶನಕ್ಕೆ ಅವಳ ಕೆಲಸ ಆಯ್ಕೆಯಾಗಿತ್ತು. ಅಲ್ಲಿ ಬಹುಮಾನ ಬಂದರೆ ಅವಳು ಕಲೆಯನ್ನೇ ಮುಂದುವರಿಸಬಹುದು. ಬಾರದಿದ್ದರೆ ಬ್ಯಾಂಕ್ ಪರೀಕ್ಷೆಗೆ ಅರ್ಜಿ ತುಂಬಬೇಕು. ನಾನು ಬಾಗಲಕೋಟೆಯಿಂದ ವರ್ಗವಾಗಿ ನಾಸಿಕ್‌ಗೆ ಬಂದ ಬ್ಯಾಂಕಿನವನು. ತಿಂಗಳ ಕೊನೆಗೆ ಸಂಬಳ ಬಾರದ ಯಾವುದನ್ನೂ ಕೆಲಸವೆಂದು ಒಪ್ಪುವವನಲ್ಲ.

ಅವಳು ಮಾಡಿದ್ದಾದರೂ ಏನು? ಕೌದಿ. ನನ್ನ ಹಳೆಯ ಆಫೀಸು ಅಂಗಿಗಳು, ನನ್ನ ಅವ್ವನ ಇಳಕಲ್ ಸೀರೆಗಳು, ಎಲ್ಲವನ್ನೂ ಕತ್ತರಿಸಿ ಗೋಡೆಯಷ್ಟು ದೊಡ್ಡ ಕೌದಿ. ಹೊಲಿಗೆ ಕಲಿಸಿದವಳು ಅವ್ವ. ಅಜ್ಜಿ ಮೊಮ್ಮಗಳು ನಾಲ್ಕು ತಿಂಗಳು ನಡುಮನೆಯ ತುಂಬ ಬಟ್ಟೆ ಹರಡಿಕೊಂಡು ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಟಿವಿ ನೋಡುತ್ತಿದ್ದೆ. ಹಾಸಿಗೆಯ ಮೇಲಿರಬೇಕಾದ್ದನ್ನು ಗೋಡೆಗೆ ತೂಗುಹಾಕಿದರೆ ಅದು ಕಲೆ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

ಪ್ರದರ್ಶನದ ದಿನ, ತೀರ್ಪುಗಾರರು ಬರಲು ಇನ್ನು ಅರ್ಧ ಗಂಟೆಯಿದೆ ಎನ್ನುವಾಗ ಮಗಳು ನನ್ನ ತೋಳು ಹಿಡಿದಳು.

“ಅಪ್ಪಾ, ಮುಂಗ್ಯಾ!”

ಇರುವೆಗಳು! ಗ್ಯಾಲರಿಯ ಬಿಳಿಗೋಡೆ ಹತ್ತಿ ಒಂದು ಕೆಂಪು ಸಾಲು ಸೀದಾ ಕೌದಿಯ ನಟ್ಟನಡುವಿಗೆ ಹೊರಟಿತ್ತು. ನಾನು ಅವ್ವನ ಕಡೆ ತಿರುಗಿದೆ. ಅವಳು ಕುರ್ಚಿಯಲ್ಲಿ ಕೂತು ಛಾವಣಿ ನೋಡುತ್ತಿದ್ದಳು.

ನಮ್ಮ ಮನೆಯಲ್ಲಿ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಒಳಗೆ ಬರುತ್ತಾರೆ. ಕೊನೆಗೆ ಉಳಿಯುವ ನಡುಭಾಗ ಅದರ ಹೊಟ್ಟೆ. ಆ ಹೊಟ್ಟೆಗೆ ಏನಾದರೂ ಹಾಕದೆ ಹೊಲಿಗೆ ಮುಗಿಸುವಂತಿಲ್ಲ. ಹಿಂದಿನ ದಿನ ಮಗಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಅವ್ವ ನಾಲ್ಕು ಕಾಳು ಜೋಳ, ದಪ್ಪನೆಯದೊಂದು ಬೆಲ್ಲದ ಚೂರು ಇಟ್ಟು ಹೊಲಿದುಬಿಟ್ಟಿದ್ದಳು.

“ಹಸದ ಕೌದಿ ಹೊತಗೊಂಡವ್ರಿಗೆ ನಿದ್ದಿ ಹತ್ತಂಗಿಲ್ಲೋ ತಮ್ಮಾ,” ಎಂದಳು.

“ಅವ್ವಾ, ಇದನ್ನ ಯಾರೂ ಹೊತಗೊಳ್ಳಂಗಿಲ್ಲ!”

“ಮತ್ತ ಇಷ್ಟು ದೊಡ್ಡದು ಯಾಕ ಹೊಲದಾಳ?”

ಅದು ನನ್ನದೂ ಪ್ರಶ್ನೆಯೇ. ಆದರೆ ಸಿಟ್ಟು ನೆತ್ತಿಗೇರಿತ್ತು. ಮಗಳ ಚೀಲದಿಂದ ಕತ್ತರಿ ತೆಗೆದು ಅವಳ ಕೈಗಿಟ್ಟು, ಹೊಟ್ಟೆ ಬಿಚ್ಚಿ ಬೆಲ್ಲ ಬಿಸಾಕು ಎಂದೆ. ಅವಳು ಅಜ್ಜಿಯ ಮುಖ ನೋಡಿದಳು, ಕೌದಿ ನೋಡಿದಳು, ಕತ್ತರಿಯನ್ನು ನನಗೇ ವಾಪಸು ಕೊಟ್ಟಳು.

“ಅಜ್ಜಿ ಹಾಕಿದ್ದು ಅದ ಅಪ್ಪಾ. ರಾಹೂ ದ್ಯಾ. ಇರ್ಲಿ.”

ಅವಳ ಕಣ್ಣು ತುಂಬಿತ್ತು. ನಾನು ಖುಷಿಪಡಬೇಕಾದ ಗಳಿಗೆ ಅದು. ಸುಮ್ಮನೆ ನಿಂತಿದ್ದರೆ ಇರುವೆಗಳೇ ನನ್ನ ಕೆಲಸ ಮುಗಿಸುತ್ತಿದ್ದವು. ಹಾಗಿದ್ದೂ ನಾನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಗ್ಯಾಲರಿಯ ನೆಲಕ್ಕೆ ಮಂಡಿಯೂರಿ, ಕರವಸ್ತ್ರದಿಂದ ಇರುವೆ ಒರೆಸತೊಡಗಿದೆ. ಒಂದು ಸಾಲು ಒರೆಸಿದರೆ ಇನ್ನೊಂದು ಬರುತ್ತಿತ್ತು. ಅಂಗಿಯ ತೋಳಿನೊಳಗೂ ಹೊಕ್ಕು ಕಚ್ಚಿದವು. ನಮ್ಮ ಬ್ರಾಂಚಿನಲ್ಲಿ ಆಡಿಟ್ ನಡೆದಾಗಲೂ ನಾನು ಅಷ್ಟು ಬೆವರಿರಲಿಲ್ಲ.

ತೀರ್ಪುಗಾರರು ಬಂದಾಗಲೂ ನಾನು ಮಂಡಿಯ ಮೇಲೇ ಇದ್ದೆ. ಅವರಲ್ಲಿ ಹಿರಿಯರೊಬ್ಬರು ನನ್ನನ್ನು ಕೌದಿಯಷ್ಟೇ ಗಮನವಿಟ್ಟು ನೋಡಿ, ಇವರೂ ಕಲಾಕೃತಿಯ ಭಾಗವೇ ಎಂದು ಮರಾಠಿಯಲ್ಲಿ ಕೇಳಿದರು. ಅಲ್ಲ, ನಮ್ಮಪ್ಪ ಎಂದಳು ಮಗಳು.

ಬಹುಮಾನ ಪಕ್ಕದ ಗೋಡೆಗೆ ಹೋಯಿತು. ನಮ್ಮ ನಾಸಿಕ್‌ನದೇ ಸಾತಪುರದ ಕಾರ್ಖಾನೆಗಳ ತುಕ್ಕು ಹಿಡಿದ ಬೋಲ್ಟುಗಳನ್ನು ಜೋಡಿಸಿ ಹುಡುಗಿಯೊಬ್ಬಳು ಮಾಡಿದ ದೊಡ್ಡ ಹಕ್ಕಿ ಅದು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಇರುವೆಯ ಕಾಟವೂ ಇರಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಕೌದಿ ಇಳಿಸಿಕೊಂಡು ಕಾರಿನಲ್ಲಿ ವಾಪಸು ಹೊರಟೆವು. ಅವ್ವ ಹಿಂದಿನ ಸೀಟಿನಲ್ಲಿ ಅದೇ ಕೌದಿ ಹೊದ್ದು ಗೊರಕೆ ಹೊಡೆಯುತ್ತಿದ್ದಳು. ನಾಸಿಕ್ ಹತ್ತಿರ ಬಂದಾಗ ಮಗಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು:

“ಅಪ್ಪಾ, ಬ್ಯಾಂಕ್ ಫಾರ್ಮ್ ನಾಳೆ ತುಂಬಲಿ?”

“ಅದರ ತಾರೀಖು ಮುಗೀತವ್ವಾ,” ಎಂದೆ. ಇನ್ನೂ ಹತ್ತು ದಿನ ಇತ್ತು.