ಅಕ್ಕಿಹಿಟ್ಟು ಮೆತ್ತಿದ ಜೇನುಹುಳ

ಗೆಳೆಯರೇ, ಇವತ್ತು ಹರಿಹರದಲ್ಲಿ ನನ್ನ ರೂಮಿನ ಕೆಳಗೆ ಕಬ್ಬಿನ ಹಾಲು ಮಾರುವ ಹನುಮಂತಣ್ಣ ನಾನು ಜೇನುಪೆಟ್ಟಿಗೆ ಇಟ್ಟಿರುವ ತಾರಸಿಗೇ ಸೀದಾ ಹತ್ತಿ ಬಂದ.

"ನಿನ್ನ ಜೇನುಹುಳಕ್ಕೆ ಹೆದರಿ ಒಬ್ಬ ಗಿರಾಕೀನೂ ನಿಲ್ತಿಲ್ಲ. ಪೆಟ್ಟಿಗೆ ತೆಗಿ, ಇಲ್ಲಾಂದ್ರೆ ಓನರ್‌ಗೆ ಹೇಳಿ ರೂಮ್ ಖಾಲಿ ಮಾಡಿಸ್ತೀನಿ."

"ನನ್ನವೇ ಅಂತ ಹೆಂಗೆ ಹೇಳ್ತೀರಿ? ಇವಕ್ಕೆ ಪೆಟ್ಟಿಗ್ಯಾಗೇ ಸಕ್ರೆ ನೀರು ಐತೆ."

"ನೋಡೇಬಿಡಾಣ ಬಾ" ಎಂದವನು ನನ್ನನ್ನು ಕೆಳಗೆ ಕರೆದೊಯ್ದು, ಕಬ್ಬಿನ ಸಿಪ್ಪೆಯ ಮೇಲೆ ಕೂತಿದ್ದ ಹುಳಗಳಿಗೆ ಗುರುತಿಗೆಂದು ಅಕ್ಕಿಹಿಟ್ಟು ಉದುರಿಸಿದ. ಇಬ್ಬರೂ ಮೇಲಕ್ಕೋಡಿ ಕಾದು ಕೂತೆವು. ಸ್ವಲ್ಪ ಹೊತ್ತಿಗೆ ಬಿಳಿ ಬೆನ್ನಿನ ಹುಳವೊಂದು ಹಾರಿಬಂದು ನನ್ನ ಪೆಟ್ಟಿಗೆಗೇ ನುಗ್ಗಿತು!

ಸಕ್ಕರೆ ನೀರಿದ್ದರೂ ಕೆಳಗೆ ಹೋಗುವುದು ಯಾಕಿರಬಹುದು? ಪೆಟ್ಟಿಗೆ ತೆರೆದೆ. ದಾವಣಗೆರೆ ಪೇಟೆಯೆಲ್ಲ ಸುತ್ತಿ ಆರಿಸಿ ತಂದ ಸಕ್ಕರೆ ನೀರಿನ ಬಾಟಲಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿ ಬೋರಲು ಇಟ್ಟದ್ದು, ತುಂಬಿದ ಹಾಗೇ ಇತ್ತು. ನಾನು ಪಾಕ ಗಟ್ಟಿ ಮಾಡಿದ್ದರಿಂದ ಸಕ್ಕರೆ ಹರಳುಗಟ್ಟಿ ತೂತೆಲ್ಲ ಮುಚ್ಚಿಹೋಗಿದ್ದವು.

ಹನುಮಂತಣ್ಣ ನಕ್ಕುಬಿಟ್ಟ. "ಮನ್ಯಾಗ ಊಟ ಹಾಕ್ದಿದ್ರೆ ಹೋಟ್ಲಿಗೆ ಬರ್ದೆ ಏನ್ ಮಾಡ್ತಾವಪ್ಪ?"

ಸಂಜೆ ಸಕ್ಕರೆ, ನೀರು ಸಮಸಮ ಬೆರೆಸಿ ಅಗಲ ತಟ್ಟೆಗೆ ಸುರಿದೆ. ಹುಳ ಮುಳುಗದಿರಲೆಂದು ಕಡ್ಡಿಗಳನ್ನು ತೇಲಿಬಿಟ್ಟು ಪೆಟ್ಟಿಗೆಯೊಳಗಿಟ್ಟೆ. ಅವಕ್ಕೆ ಮನೆಯೂಟ ಸಿಕ್ಕಿತು. ನಾನು ಮಾತ್ರ ಹೋಟೆಲ್ಲಿಗೇ ಹೋಗಿ ಬಂದೆ.